‘ಫೇರಿ ಕ್ವೀನ್’ ಎಂಬ ಪುಟ್ಟ ಎಂಜಿನ್

ನಿವೃತ್ತನಾದ ಮೇಲೆ ನನಗೆ ಆಗಾಗ ನೆನಪಾಗುವುದು ‘ಫೇರಿ ಕ್ವೀನ್’ ಎಂಬ ಪುಟ್ಟ ಉಗಿ ಎಂಜಿನ್. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾಗಿ ಕಲ್ಕತ್ತೆಗೆ ಬಂದ ಅದು, ಹೌರಾ–ರಾಣಿಗಂಜ್ ನಡುವೆ ಟಪಾಲು ಗಾಡಿಗಳನ್ನು ಎಳೆಯಿತು. 1909ರಲ್ಲಿ ಸೇವೆ ಮುಗಿಸಿ, ದಶಕಗಳ ಕಾಲ ಬರಿಯ ಪ್ರದರ್ಶನದ ವಸ್ತುವಾಗಿ ನಿಂತಿತು.

1997ರಲ್ಲಿ ಚೆನ್ನೈನ ಪೆರಂಬೂರು ಕಾರ್ಯಾಗಾರದಲ್ಲಿ ದುರಸ್ತಿಗೊಂಡು, ದೆಹಲಿಯಿಂದ ರಾಜಸ್ಥಾನದ ಅಲ್ವರ್‌ಗೆ ಪ್ರವಾಸಿಗರನ್ನು ಹೊತ್ತು ಮತ್ತೆ ಓಡಿತು. ಮರುವರ್ಷ ಗಿನ್ನೆಸ್ ದಾಖಲೆಗೂ ಸೇರಿತು.

ಸಂಗ್ರಹಾಲಯದಲ್ಲಿ ನಿಲ್ಲಿಸಿದರೆ ಕಬ್ಬಿಣವಷ್ಟೇ ಉಳಿದೀತು. ಓಡಿಸಿದರೆ, ಕಲ್ಲಿದ್ದಲು ಉರಿಸಿ ಉಗಿಯನ್ನು ಹದವರಿತು ನಡೆಸುವವರ ವಿದ್ಯೆಯೂ ಉಳಿಯುತ್ತದೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಹಿರಿಯರನ್ನು ಗೌರವದಿಂದ ಕೂರಿಸಿದರಷ್ಟೇ ಸಾಲದು. ಅವರು ಬಲ್ಲ ಕೆಲಸವೊಂದನ್ನು ಅವರಿಂದ ಕೇಳಿ ಕಲಿಯಿರಿ.