ನಾಲ್ಕು ಗಂಟೆಗೆ ಆಫ್ ಆಗುವ ಲ್ಯಾಪ್‌ಟಾಪ್

ಮೊನ್ನೆ ಬೋರಿವಲಿಯಿಂದ ಭಾವ ಫೋನ್ ಮಾಡಿದ್ದರು. "ಮಾರಾಯಾ, ನನ್ನ ಲ್ಯಾಪ್‌ಟಾಪು ದೋಸೆಕಲ್ಲಿನ ಹಾಗೆ ಕಾಯ್ತದೆ. ಆಮೇಲೆ ತನ್ನಷ್ಟಕ್ಕೇ ಆಫ್ ಆಗ್ತದೆ. ಹೊಸದೇ ತಗೊಳ್ಳುವಾ ಅಂತ ಇದ್ದೇನೆ" ಅಂದರು. "ಸ್ವಲ್ಪ ತಡೀರಿ ಭಾವ, ದುಡ್ಡು ಹಾಳು ಮಾಡ್ಬೇಡಿ" ಅಂತ ಶುರು ಮಾಡಿ ಅರ್ಧ ಗಂಟೆ ಕೊರೆದೆ. ಪಾಪ, ಕೇಳಿಸಿಕೊಂಡರು. ಹಾಗೆ ಕೊರೆಯುವ ಅಧಿಕಾರ ನನಗೆ ಸುಮ್ಮನೆ ಬಂದದ್ದಲ್ಲ. ಹೆಂಡತಿಯ ಹತ್ತಿರ ಚೆನ್ನಾಗಿ ಬೈಸಿಕೊಂಡು ಸಂಪಾದಿಸಿದ್ದು.

ಇವಳು 2020ರ ಲಾಕ್‌ಡೌನಿನಲ್ಲಿ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡಲು ಶುರು ಮಾಡಿದವಳು. ಮೊದಲು ಇಬ್ಬರಿದ್ದರು, ಆಮೇಲೆ ಹತ್ತು ಹನ್ನೆರಡು ಮಕ್ಕಳಾದರು. ನಮ್ಮ ಡೊಂಬಿವಲಿಯ ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಒಂದು ಮೇಜು ಹಿಡಿಸುವಷ್ಟು ಜಾಗ ಇದೆ. ಅದೇ ಅವಳ ಶಾಲೆ. 2018ರಲ್ಲಿ ಕೊಂಡ ಲ್ಯಾಪ್‌ಟಾಪೇ ಕರಿಹಲಗೆ. ಮದುವೆಯಾಗಿ ಈ ಊರಿಗೆ ಬಂದಮೇಲೆ ಅವಳ ಕೈಗೆ ಅವಳದೇ ಅಂತ ದುಡ್ಡು ಬಂದದ್ದು ಅದೇ ಮೊದಲು. ಈ ಮಾತು ಅವಳು ಹೇಳಿದ್ದಲ್ಲ, ಪಾಸ್‌ಬುಕ್ಕನ್ನು ಅವಳು ಇಟ್ಟುಕೊಳ್ಳುವ ರೀತಿ ನೋಡಿ ನನಗೆ ಗೊತ್ತಾದದ್ದು.

2023ರ ಏಪ್ರಿಲ್‌ನಲ್ಲಿ ಲ್ಯಾಪ್‌ಟಾಪ್ ಪಾಠದ ನಡುವೆ ಆಫ್ ಆಗಲು ಶುರುವಾಯ್ತು. ಮೊದಲು ಫ್ಯಾನು ಮಿಕ್ಸಿಯ ಹಾಗೆ ಕೂಗುವುದು, ಆಮೇಲೆ ಎಲ್ಲ ನಿಧಾನವಾಗುವುದು, ಬರೆದ ಅಕ್ಷರ ಎರಡು ಸೆಕೆಂಡ್ ಬಿಟ್ಟು ಪರದೆಯ ಮೇಲೆ ಬರುವುದು, ಕೊನೆಗೆ ಟಪ್. ಆ ಕಡೆ ಮಕ್ಕಳು "ಮಿಸ್, ಮಿಸ್" ಅಂತ ಕೂಗ್ತಾ ಇರುತ್ತಾರೆ, ಈ ಕಡೆ ಮಿಸ್ ಕಪ್ಪು ಪರದೆ ನೋಡಿಕೊಂಡು ಕೂತಿರುತ್ತಾಳೆ. ಪರೀಕ್ಷೆಯ ಸಮಯ ಬೇರೆ. ಎರಡು ಮಕ್ಕಳ ತಾಯಂದಿರು "ಈ ತಿಂಗಳಿಂದ ಬೇಡ" ಅಂತ ಮೆಸೇಜ್ ಹಾಕಿದರು.

ಮನೆಯಲ್ಲಿ ಕಂಪ್ಯೂಟರ್ ಪಂಡಿತ ಅಂದರೆ ನಾನೇ ತಾನೆ. ನೋಡಿದೆ, ನೋಡಿ ತೀರ್ಪು ಕೊಟ್ಟೆ: "ನೀನು ಒಂದೇ ಸಲಕ್ಕೆ ಇಪ್ಪತ್ತು ಟ್ಯಾಬ್ ತೆರೆದಿಡ್ತೀಯ, ಇನ್ನೇನಾಗುತ್ತೆ?" ವೈರಸ್ ಇದೆಯಾ ಅಂತ ನೋಡಿದೆ. ವಿಂಡೋಸ್ ಪೂರ್ತಿ ಅಳಿಸಿ ಮತ್ತೆ ಹಾಕಿದೆ, ಒಂದು ಭಾನುವಾರ ಹಾಳು. ಕೆಳಗಿಡುವ ಕೂಲಿಂಗ್ ಪ್ಯಾಡ್ ತಂದೆ. ಅದರ ನೀಲಿ ಲೈಟು ಚೆನ್ನಾಗಿತ್ತು. ಸೋಮವಾರ ಮತ್ತೆ ಟಪ್.

ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆವು. ಅಲ್ಲಿಯ ಹುಡುಗ ಕಿವಿಕೊಟ್ಟು ಕೇಳಿ, "ಫ್ಯಾನ್ ತಿರುಗ್ತಾ ಇದೆ, ಹಾಗಾಗಿ ಕೂಲಿಂಗ್ ಸರಿ ಇದೆ, ಮದರ್‌ಬೋರ್ಡ್ ಹೋಗಿದೆ" ಅಂದ. 18,500 ರೂಪಾಯಿ. ವಾರಂಟಿ ಮುಗಿದು ಯಾವ ಕಾಲವಾಯ್ತು. ಇವಳು ಏನೂ ಮಾತಾಡದೆ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದಳು. ರಿಕ್ಷಾದಲ್ಲಿ ಕೂತಮೇಲೆ ಅಂದಳು, "ಬೋರ್ಡ್ ಹೋಗಿದ್ರೆ ಬೆಳಿಗ್ಗೆ ಯಾಕೆ ಸರಿ ಇರ್ತದೆ?"

ಮನೆಗೆ ಬಂದು ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ಲ್ಯಾಪ್‌ಟಾಪ್ ಆಫ್ ಆದ ಪ್ರತಿ ಸಲದ ತಾರೀಕು, ಗಂಟೆ ಬರೆದಿಟ್ಟಿದ್ದಳು. ಹನ್ನೊಂದು ಸಲ. ಹನ್ನೊಂದರಲ್ಲಿ ಒಂಬತ್ತು ಸಂಜೆ ನಾಲ್ಕರಿಂದ ಐದೂವರೆಯೊಳಗೆ. ಬೆಳಿಗ್ಗೆ ಏಳರ ಬ್ಯಾಚಿನಲ್ಲಿ ಒಂದು ಸಲವೂ ಇಲ್ಲ. ಗಣಿತದ ಟೀಚರ್ ಅಲ್ವಾ.. ನಾನು ಇಪ್ಪತ್ತು ಟ್ಯಾಬ್ ಅಂತ ಕೂಗಾಡುತ್ತಿದ್ದಾಗ ಅವಳು ಲೆಕ್ಕ ಇಡ್ತಾ ಇದ್ದಳು.

ನಾಲ್ಕು ಗಂಟೆಗೆ ಏನಾಗುತ್ತದೆ? ನಮ್ಮ ಕಿಟಕಿ ಪಶ್ಚಿಮಕ್ಕೆ. ಬಿಸಿಲು ನೇರ ಮೇಜಿನ ಮೇಲೆ. ಬೆಳಿಗ್ಗೆ ಕೋಣೆ 27 ಡಿಗ್ರಿ ಇದ್ದರೆ ಸಂಜೆ 36. ಲ್ಯಾಪ್‌ಟಾಪ್ ತಣ್ಣಗಾಗುವುದು ಕೋಣೆಯ ಗಾಳಿಯಿಂದಲೇ, ಅದಕ್ಕೆ ಬೇರೆ ಗಾಳಿ ಎಲ್ಲಿಂದ ಬರಬೇಕು? ಕೋಣೆ ಒಂಬತ್ತು ಡಿಗ್ರಿ ಏರಿದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಉಷ್ಣತೆ ತೋರಿಸುವ ಒಂದು ಪುಕ್ಕಟೆ ಪ್ರೋಗ್ರಾಂ ಹಾಕಿ ನೋಡಿದೆವು. ಈ ಕೆಲಸವನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಬೆಳಿಗ್ಗೆ ಪಾಠದ ಹೊತ್ತಿಗೆ 88, ಸಂಜೆ 97, 98, ಆಮೇಲೆ ಟಪ್. ಈ ಚಿಪ್ಪುಗಳಿಗೆ ಸಾಮಾನ್ಯವಾಗಿ 100 ಡಿಗ್ರಿಯ ಹತ್ತಿರ ಒಂದು ಗೆರೆ ಇರುತ್ತದೆ. ಗೆರೆ ಹತ್ತಿರ ಬಂದಾಗ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಕ್ಷರ ತಡವಾಗಿ ಬರುತ್ತಿದ್ದದ್ದು ಅದಕ್ಕೆ. ಅಷ್ಟಕ್ಕೂ ತಡೆಯದಿದ್ದರೆ ಸುಟ್ಟುಹೋಗುವುದಕ್ಕಿಂತ ಆಫ್ ಆಗುವುದೇ ವಾಸಿ ಅಂತ ಆಫ್ ಆಗುತ್ತದೆ. ಅಂದರೆ ನಾವು ರೋಗ ಅಂದುಕೊಂಡದ್ದು ಅದು ತನ್ನನ್ನು ತಾನು ಉಳಿಸಿಕೊಳ್ಳುವ ಉಪಾಯ.

ಆದರೆ 36 ಡಿಗ್ರಿ ಮುಂಬಯಿಗೆ ಹೊಸದೇನೂ ಅಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲಿ ಇದೇ ಲ್ಯಾಪ್‌ಟಾಪ್ ಸರಿ ಇತ್ತಲ್ಲ? ಅದನ್ನು ಕೇಳಿದವಳೂ ಇವಳೇ.

ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಎರಡಾಳು ನಿಲ್ಲುವಷ್ಟೇ ದೊಡ್ಡ ಅಂಗಡಿ. ಅಲ್ಲಿದ್ದ ಹುಡುಗ ಮಾತೇ ಆಡದೆ ಲ್ಯಾಪ್‌ಟಾಪ್ ಆನ್ ಮಾಡಿ, ಒಂದು ವಿಡಿಯೋ ಓಡಿಸಿ, ಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿದ. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟ. ಒಳಗೆ ಫ್ಯಾನು ಚೀರುತ್ತಿದೆ, ಹೊರಗೆ ಗಾಳಿಯೇ ಇಲ್ಲ! "ಅಂಕಲ್, ಪಂಖಾ ಚಲ್ ರಹಾ ಹೈ, ಹವಾ ನಹೀ ಚಲ್ ರಹೀ" ಅಂದ. ಸರ್ವಿಸ್ ಸೆಂಟರಿನಲ್ಲಿ ಕಿವಿಯಿಂದ ನೋಡಿದ್ದನ್ನು ಇವನು ಕೈಯಿಂದ ನೋಡಿದ.

ಹಿಂದಿನ ಮುಚ್ಚಳ ಬಿಚ್ಚಿದಮೇಲೆ ನನಗೂ ಅರ್ಥವಾಯ್ತು. ಹೆಬ್ಬೆರಳಿನ ಉಗುರಿನಷ್ಟು ಚಿಪ್ಪು. ಅದರ ಮೇಲೆ ಕೂತ ಒಂದು ಚಪ್ಪಟೆ ತಾಮ್ರದ ಕೊಳವೆ. ಕೊಳವೆಯೊಳಗೆ ಒಂದೆರಡು ಹನಿ ನೀರು ಇರುತ್ತದಂತೆ. ಬಿಸಿ ಕಡೆ ಆವಿಯಾಗಿ ಓಡಿ, ತಣ್ಣಗಿನ ಕಡೆ ಮತ್ತೆ ನೀರಾಗಿ ವಾಪಸ್ ಬರುತ್ತದೆ. ಒಳಗೆ ಗಾಳಿ ತೆಗೆದಿರುವುದರಿಂದ 100 ಡಿಗ್ರಿ ಆಗುವ ಮೊದಲೇ ನೀರು ಕುದಿಯುತ್ತದೆ. ಕೊಳವೆಯ ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ತೆಳು ತಗಡುಗಳು. ಫ್ಯಾನು ಅವುಗಳ ಸಂದಿಯಲ್ಲಿ ಗಾಳಿ ಊದಿ ಬಿಸಿಯನ್ನು ಹೊರಗೆ ಹಾಕಬೇಕು. ಫ್ಯಾನಿಗೂ ತಗಡಿಗೂ ನಡುವೆ ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದು ಕಂಬಳಿ. ನಿಜವಾಗಿ ಕಂಬಳಿ. ಬೂದು ಬಣ್ಣ, ಚಿಮುಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಊರಿನ ತೋಟದಲ್ಲಿ ತೋಡಿಗೆ ಅಡಿಕೆ ಹಾಳೆ ಅಡ್ಡ ಬಿದ್ದರೆ ಹೇಗೆ ನೀರು ಮುಂದೆ ಹೋಗದೆ ತೋಟದೊಳಗೇ ಉಕ್ಕುತ್ತದೋ ಹಾಗೆ. ಹೊರಗಿನ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಇದು ಕಾಣುವುದೇ ಇಲ್ಲ, ಕಸ ಕೂರುವುದು ಒಳಗಿನ ಬದಿಗೆ.

ಹುಡುಗ ಅದನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ "ಕಿಚನ್ ಕೇ ಪಾಸ್ ರಖ್ತೇ ಹೋ ಕ್ಯಾ?" ಅಂದ. ಧೂಳಿಗೆ ಎಣ್ಣೆಯ ಜಿಡ್ಡಿತ್ತು. ದಿನಾ ಮೂರು ಹೊತ್ತು ಒಗ್ಗರಣೆ, ಮೀನು ಕರಿಯುವುದು, ದೇವರ ಮುಂದಿನ ಊದುಬತ್ತಿ, ಎಲ್ಲದರ ಹೊಗೆ ಮೂರು ವರ್ಷ ಆ ಫ್ಯಾನು ಎಳೆದುಕೊಂಡಿತ್ತು. ಬರೀ ಧೂಳಾದರೆ ಒಂದಿಷ್ಟು ಹಾರಿಹೋಗುತ್ತದೆ, ಜಿಡ್ಡು ಸೇರಿದರೆ ಅಂಟಿ ಕೂರುತ್ತದೆ. ನಾನು ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದ್ದರಿಂದ ಏನೂ ಆಗದ್ದು ಅದಕ್ಕೇ. ಅದರಿಂದ ಫ್ಯಾನು ಗರಗರ ತಿರುಗಿ ಹಾಳಾಗಬಹುದಿತ್ತು, ಸ್ಟ್ಯಾಟಿಕ್ ಕರೆಂಟಿನಿಂದ ಬೋರ್ಡೂ ಹೋಗಬಹುದಿತ್ತು. ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಒಂದು ಟೂತ್‌ಪಿಕ್ಕಿನಿಂದ ತಡೆದು ಹಿಡಿದು ಊದಬೇಕು.

ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟು ಹಳೇ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿತ್ತು. ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ಸಂದಿ ಇರುತ್ತದೆ, ಅದರೊಳಗೆ ಗಾಳಿ. ಗಾಳಿಯಷ್ಟು ಕೆಟ್ಟದಾಗಿ ಬಿಸಿ ದಾಟಿಸುವ ವಸ್ತು ಕಡಿಮೆ. ಆ ಸಂದಿ ತುಂಬಲಿಕ್ಕೆ ಪೇಸ್ಟು. ಸ್ಪಿರಿಟ್ಟಿನಲ್ಲಿ ಒರೆಸಿ, ದೊಡ್ಡ ಅಕ್ಕಿಕಾಳಿನಷ್ಟು ಹೊಸದು ಹಾಕಿದ. ಇಷ್ಟೇನಾ ಅಂದೆ. ಜಾಸ್ತಿ ಹಾಕಿದರೆ ಅದೇ ಇನ್ನೊಂದು ಕಂಬಳಿ ಅಂಕಲ್ ಅಂದ.

ಆಮೇಲೆ ಅವನು ತೋರಿಸಿದ್ದು ನೋಡಿ ನನ್ನ ಎದೆ ಧಸಕ್ ಅಂತು. ಬ್ಯಾಟರಿ ಉಬ್ಬಿತ್ತು. ಉದ್ದಿನ ಹಪ್ಪಳ ಎಣ್ಣೆಗೆ ಬಿದ್ದು ಏಳುವಾಗ ಆಗುವ ಹಾಗೆ. "ಟಚ್‌ಪ್ಯಾಡು ಸರಿಯಾಗಿ ಒತ್ತಲಿಕ್ಕೆ ಆಗೋದಿಲ್ಲ" ಅಂತ ಇವಳು ಎರಡು ತಿಂಗಳಿಂದ ಹೇಳ್ತಾ ಇದ್ದಳು, ಬ್ಯಾಟರಿ ಕೆಳಗಿನಿಂದ ಅದನ್ನು ಮೇಲಕ್ಕೆ ನೂಕುತ್ತಿತ್ತು! ನಾನು ಮೌಸ್ ತಂದುಕೊಟ್ಟು ಕೈ ತೊಳೆದುಕೊಂಡಿದ್ದೆ. ದಿನವಿಡೀ ಕಾವಿನಲ್ಲಿ ಇರುವುದು, ಚಾರ್ಜರ್ ತೆಗೆಯದೆ ಯಾವಾಗಲೂ 100ರಲ್ಲೇ ಇಡುವುದು, ಲಿಥಿಯಂ ಬ್ಯಾಟರಿಗೆ ಎರಡೂ ವಿಷ. ರಾತ್ರಿ ನಾನು ಅದೇ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಸಿನಿಮಾ ನೋಡಿ, ಚಾರ್ಜಿಗೆ ಹಾಕಿಯೇ ನಿದ್ದೆ ಹೋಗುತ್ತಿದ್ದೆ. ಗಾಳಿ ಒಳಗೆ ಹೋಗುವ ಕಿಂಡಿ ಅಡಿಯಲ್ಲಿದೆ, ಅದರ ಕೆಳಗೆ ಹತ್ತಿಯ ಹಾಸಿಗೆ. ಪಕ್ಕದಲ್ಲಿ ಇವಳು ಮಲಗಿರುತ್ತಾಳೆ. ಆ ಹೊತ್ತು ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಯೋಚಿಸಿ ಬೆವರಿದ್ದು ಸೆಕೆಗಲ್ಲ. ಉಬ್ಬಿದ ಬ್ಯಾಟರಿ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಇನ್ನೊಂದು ಸಲ ಚಾರ್ಜ್ ಮಾಡಬೇಡಿ, ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಇದೊಂದು ಮಾತನ್ನು ಭಾವನಿಗೆ ಮೂರು ಸಲ ಹೇಳಿದೆ.

ಒಟ್ಟು ಖರ್ಚು 3,400 ರೂಪಾಯಿ. ಸ್ವಚ್ಛ ಮಾಡಿದ್ದಕ್ಕೆ 600, ಉಳಿದದ್ದು ಬ್ಯಾಟರಿಗೆ.

ಮನೆಗೆ ಬಂದು ನಾಲ್ಕು ಗಂಟೆಗೆ ಕಾದೆವು. ಪಾಠ ಶುರುವಾಯ್ತು, 79 ಡಿಗ್ರಿ. ಇವಳು ಪರದೆ ನೋಡಿ "ಇದನ್ನು ತೆಗೆದ್ರೆ?" ಅಂತ ವಿಡಿಯೋದಲ್ಲಿ ಹಿಂದಿನದನ್ನು ಮಸುಕು ಮಾಡುವ ಸೌಲಭ್ಯ ಆಫ್ ಮಾಡಿದಳು. 72ಕ್ಕೆ ಇಳಿಯಿತು! ಅವಳ ತಲೆ ಯಾವುದು, ಹಿಂದಿನ ಗೋಡೆ ಯಾವುದು ಅಂತ ಪ್ರತಿ ಕ್ಷಣ ಲೆಕ್ಕ ಹಾಕುವುದು ಚಿಪ್ಪಿಗೆ ಸಣ್ಣ ಕೆಲಸವೇನಲ್ಲ. ಅದನ್ನು ಹಾಕಿಕೊಟ್ಟವನು ನಾನೇ, ನಮ್ಮ ಅಡುಗೆಮನೆ ಮಕ್ಕಳ ಮನೆಯವರಿಗೆ ಕಾಣಬಾರದು ಅಂತ. "ಕಂಡ್ರೆ ಏನೀಗ?" ಅಂದಳು. ಈಗ ಕುಕ್ಕರಿನ ಸಮೇತ ಕಾಣುತ್ತದೆ.

ವಿಂಡೋಸಿನ ಪವರ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ, ಅದನ್ನು 99ಕ್ಕೆ ಇಳಿಸಿದೆ. ಆಗ ಚಿಪ್ಪು ಆಗಾಗ ಉತ್ಸಾಹದಿಂದ ಜಿಗಿಯುವುದು ನಿಲ್ಲುತ್ತದೆ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ಕಾಣಿಸುವುದಿಲ್ಲ. ಬೀಜಗಣಿತ ಹೇಳಿಕೊಡಲು ಅಷ್ಟು ವೇಗ ಬೇಕಾಗಿಯೂ ಇಲ್ಲ. ಹಿಂದಿನ ಎರಡು ಮೂಲೆಗೆ ಎರಡು ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿದೆವು. ನೀಲಿ ಲೈಟಿನ ಕೂಲಿಂಗ್ ಪ್ಯಾಡ್ ಅಟ್ಟ ಸೇರಿತು.

ಅಂದ ಹಾಗೆ ನನ್ನ ಆಫೀಸಿನ ಲ್ಯಾಪ್‌ಟಾಪಿನ ಕತೆ ಬೇರೆ. ಲೋಕಲ್ಲಿನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಾಗ ಒಂದು ದಿನ ಹೊಟ್ಟೆ ಬಿಸಿಯಾಯ್ತು. ಮುಚ್ಚಿದ ಮಾತ್ರಕ್ಕೆ ಅದು ಮಲಗುವುದಿಲ್ಲ, ಬ್ಯಾಗಿನೊಳಗೇ ಎದ್ದು ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ಈಗ ಹೊರಡುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡ್ತೇನೆ.

ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ಹುಡುಗ ಜೂನ್‌ನಲ್ಲಿ ಮತ್ತೆ ಸೇರಿದ. ಇನ್ನೊಬ್ಬಳು ಬರಲಿಲ್ಲ.

ವರ್ಷಕ್ಕೊಮ್ಮೆ ನವರಾತ್ರಿಯ ಆಯುಧಪೂಜೆಯ ಹಿಂದಿನ ದಿನ ಈಗ ನಾನೇ ಮುಚ್ಚಳ ಬಿಚ್ಚಿ ಒಳಗೆ ಬ್ರಶ್ ಆಡಿಸುತ್ತೇನೆ. ಮರುದಿನ ಅದಕ್ಕೂ ಕುಂಕುಮ, ಚೆಂಡುಹೂವು. ಹೋದ ವರ್ಷ ನಾನು ಭಕ್ತಿಯಿಂದ ಊದುಬತ್ತಿ ಸ್ಟ್ಯಾಂಡನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟಿದ್ದೆ. ಇವಳು ಮಂಗಳಾರತಿ ಅರ್ಧಕ್ಕೆ ನಿಲ್ಲಿಸಿ, ಅದನ್ನೆತ್ತಿ ದೂರ ಕಿಟಕಿಯ ಮೇಲಿಟ್ಟು ಬಂದಳು.