ಚಾರ್ಮಾಡಿ ಇಳಿಯುವಾಗ ಬಿಸಿ ಎಲ್ಲಿಗೆ ಹೋಗುತ್ತದೆ?

ಕೊಟ್ಟಿಗೆಹಾರದ ಮಂಜಿಗೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ಎಂಟಾಗಿದ್ದರೂ ರಸ್ತೆಯಾಚೆಯ ಹೋಟೆಲು ಕಾಣುತ್ತಿರಲಿಲ್ಲ. ನೀರುದೋಸೆಯ ಹಿಟ್ಟು ಕಾವಲಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆ ಮಂಜಿನೊಳಗಿಂದಲೇ ನನ್ನ ಹಳೆಯ ವಿದ್ಯಾರ್ಥಿಯ ಪಿಕಪ್ ಬಂದು ನಿಂತಿತು. ಹಿಂದೆ ಶುಂಠಿ ಮೂಟೆಗಳು, ಪಕ್ಕದಲ್ಲಿ ಹತ್ತನೆಯ ತರಗತಿಯ ಮಗ. ನನಗೂ ಉಜಿರೆಯಲ್ಲೇ ಕೆಲಸವಿತ್ತು.

"ಸಾರ್, ಗಾಡಿಗೊಂದು ಎಗ್ಜಾಸ್ಟ್ ಬ್ರೇಕ್ ಹಾಕಿಸ್ಬಿಡ್ಲಾ? ಗುಜರಿಯಲ್ಲಿ ಲಾರೀದು ಒಂದು ಸಿಕ್ಕಿದೆ" ಎಂದು ನಾನು ಹತ್ತಿ ಕೂರುವ ಮೊದಲೇ ಕೇಳಿದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹಿಂದಿನ ಮಳೆಗಾಲದಲ್ಲಿ ಇದೇ ಘಾಟಿಯಲ್ಲಿ ತುಂಬಿದ ಗಾಡಿಯ ಬ್ರೇಕ್ ಪೆಡಲ್ ಸರ್ರನೆ ತಳಕ್ಕೆ ಹೋಗಿತ್ತಂತೆ. ಗೇರ್ ಇಳಿಸಿ, ಗುಡ್ಡದ ಕಡೆಯ ಚರಂಡಿಗೆ ಚಕ್ರ ಬಿಟ್ಟು ಹೇಗೋ ನಿಲ್ಲಿಸಿದ. ಅಂದಿನಿಂದ ಮನೆಯಾಕೆ ಫೋನ್ ಮಾಡಿ "ಕೆಳಗೆ ಮುಟ್ಟಿದ್ರಾ?" ಎಂದು ಕೇಳದ ದಿನವಿಲ್ಲ.

ಮೂಡಿಗೆರೆ ಸೀಮೆಯನ್ನೂ ಬೆಳ್ತಂಗಡಿ ಸೀಮೆಯನ್ನೂ ಕೂಡಿಸುವ ಈ ರಸ್ತೆಯಲ್ಲಿ ಒಂದು ಕಡೆ ನೀರು ಜಿನುಗುವ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಪ್ರಪಾತ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಆಮೇಲೆ ರಸ್ತೆ ತೆರೆದಾಗಲೂ ಭಾರೀ ವಾಹನಗಳಿಗೆ ನಿರ್ಬಂಧ ಹಾಕಿದರು. ಸಣ್ಣ ಪಿಕಪ್‌ಗಳಿಗೆ ಇದು ಹತ್ತಿರದ ದಾರಿ.

ಮೊದಲ ತಿರುವು ದಾಟುವಾಗ ಮಗ ಕೇಳಿದ: "ಇಳಿಯುವಾಗ ಡೀಸೆಲ್ ಬೇಡ, ಬ್ರೇಕ್ ಯಾಕೆ ಬಿಸಿಯಾಗ್ಬೇಕು ಸಾರ್?"

ಮೇಷ್ಟ್ರಿಗೆ ಇಷ್ಟು ಸಾಕು. ಗಾಡಿ, ಶುಂಠಿ, ನಾವು ಮೂವರು ಸೇರಿ 3,000 ಕೆ.ಜಿ. ಎಂದಿಟ್ಟುಕೊಂಡೆವು. ನೂರು ಮೀಟರ್ ಎತ್ತರದಿಂದ ಇಳಿದರೆ ಪಠ್ಯಪುಸ್ತಕದ ಸ್ಥಾನಶಕ್ತಿಯ ಸೂತ್ರದ ಪ್ರಕಾರ 29.4 ಲಕ್ಷ ಜೂಲ್. 25 ಡಿಗ್ರಿಯಲ್ಲಿರುವ ಒಂಬತ್ತು ಲೀಟರಿಗೂ ತುಸು ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಘಾಟಿಯಲ್ಲಿ ಇಂಥ ನೂರು ಮೀಟರುಗಳು ಹಲವಾರಿವೆ. ಟೈರು, ಗಾಳಿ ಒಂದಷ್ಟನ್ನು ತಿಂದುಹಾಕುತ್ತವೆ. ಮಿಕ್ಕದ್ದನ್ನು ಕಾಲಿನ ಬ್ರೇಕಿಗೇ ಬಿಟ್ಟರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು ಗುಟ್ಟಿದೆ: ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದಿದಾಗ ಏಳುವ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ, ಒತ್ತಡ ಚಕ್ರದವರೆಗೆ ಹೋಗುವುದಿಲ್ಲ. ಪೆಡಲ್ ತಳಕ್ಕೆ ಹೋಗಲು ಇದು ಸಾಮಾನ್ಯ ಕಾರಣ. "ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತೋ?" ಎಂದೆ. ಅವನು ರಸ್ತೆ ನೋಡುತ್ತ ಸುಮ್ಮನಾದ.

ಹಾಗಾದರೆ ಎಂಜಿನ್ನೇ ತಡೆಯಲಿ ಎನ್ನಬಹುದು. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿಯ ದಾರಿ ಮುಚ್ಚಿ ಎಳೆತ ಹುಟ್ಟುತ್ತದೆ. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಆ ದಾರಿ ತೆರೆದೇ ಇರುತ್ತದೆ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ವಾಪಸ್ ನೂಕಿಬಿಡುತ್ತದೆ. ಈ ಕೊರತೆ ತುಂಬಲು ಎಗ್ಜಾಸ್ಟ್ ಬ್ರೇಕ್ ಸೈಲೆನ್ಸರ್ ಕೊಳವೆಗೊಂದು ಮುಚ್ಚಳ ಹಾಕುತ್ತದೆ. ಹೊರಹೋಗಲು ದಾರಿಯಿಲ್ಲದ ಗಾಳಿಯ ವಿರುದ್ಧ ಪಿಸ್ಟನ್ ತಿಣುಕಬೇಕು. ಆ ತಿಣುಕಾಟವೇ ತಡೆ. ಬಿಸಿ ಲೈನರಿಗೆ ಹೋಗದೆ ಎಂಜಿನ್ನು, ಸೈಲೆನ್ಸರಿನ ದಾರಿ ಹಿಡಿಯುತ್ತದೆ.

ಘಾಟಿಯ ಭಯ ನಮಗಷ್ಟೇ ಅಲ್ಲ. ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಅಮೆರಿಕವನ್ನು ಲಾರಿಯಲ್ಲಿ ದಾಟುವಾಗ, ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕ್ ಸೋತು, ಕೆಳಗೆ ಅಡ್ಡಹಾಯುತ್ತಿದ್ದ ಗೂಡ್ಸ್ ರೈಲಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಅದನ್ನು ಮರೆಯದ ಅವರು ಮುಂದೆ ಎಂಜಿನ್ನಿನ ಒಳಗೇ ಕೆಲಸ ಮಾಡುವ ಇನ್ನೊಂದು ಬಗೆಯ ಬ್ರೇಕ್ ರೂಪಿಸಿದರು. 1961ರಿಂದ ಜೇಕಬ್ಸ್ ಕಂಪನಿ ಅದನ್ನು ಮಾರಿತು. ಅದು ಸೈಲೆನ್ಸರ್ ಮುಚ್ಚುವುದಿಲ್ಲ, ಒತ್ತಿದ ಗಾಳಿ ಪಿಸ್ಟನ್ನನ್ನು ನೂಕುವ ಮೊದಲೇ ಹೊರಬಿಟ್ಟುಬಿಡುತ್ತದೆ.

"ಹಾಗಾದ್ರೆ ಹಾಕಿಸ್ಲಾ?" ಶಿಷ್ಯ ಬಿಡಲಿಲ್ಲ.

ಗುಜರಿಯದು ಬೇಡವೇ ಬೇಡ ಎಂದೆ. ಲಾರಿಯ ಮುಚ್ಚಳ ಗಾಳಿಯ ಒತ್ತಡದಿಂದ ಎಳೆಯುವಂಥದು. ಇವನ ಪಿಕಪ್ಪಿನಲ್ಲಿ ಗಾಳಿ ಟ್ಯಾಂಕೇ ಇಲ್ಲ. ಹಾಗೂ ಹೀಗೂ ಕಟ್ಟಿದರೂ ಒತ್ತಡ ಮಿತಿ ಮೀರಿದರೆ ಎಗ್ಜಾಸ್ಟ್ ವಾಲ್ವಿನ ಸ್ಪ್ರಿಂಗ್ ಸೋತು ವಾಲ್ವು ತಾನೇ ತೆರೆದುಕೊಳ್ಳುತ್ತದೆ; ಟರ್ಬೊ, ಗ್ಯಾಸ್ಕೆಟ್ಟುಗಳಿಗೂ ಅಪಾಯ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳ ಹೊಗೆಕೊಳವೆಯಲ್ಲಿ ಸೆನ್ಸರುಗಳಿವೆ, ಕೈಹಾಕಿದರೆ ಇನ್ನೊಂದು ತಲೆನೋವು. ಎಂಜಿನ್ ತಯಾರಕರು ಎಷ್ಟು ಒತ್ತಡಕ್ಕೆ ಒಪ್ಪುತ್ತಾರೆ, ಮುಚ್ಚಳ ಎಳೆಯಲು ವ್ಯಾಕ್ಯೂಮೋ ವಿದ್ಯುತ್ತೋ ಎಂದು ಕೇಳಿ, ಅದೇ ಎಂಜಿನ್ನಿಗೆಂದು ಮಾಡಿದ್ದು ಸಿಕ್ಕರೆ ನೋಡಬೇಕು. ಸಿಕ್ಕರೂ ಅದು ಎಳೆಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ. ಮಳೆಯಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ಜಾರಬಹುದು. ಕ್ಲಚ್ ಒತ್ತಿದರೆ ಅದೂ ಇಲ್ಲ.

ಅದಕ್ಕೂ ಮೊದಲು ಬಿಟ್ಟಿ ಸಿಗುವ ಬ್ರೇಕನ್ನು ಬಳಸು ಎಂದೆ. ಘಾಟಿ ಶುರುವಾಗುವ ಮುಂಚೆಯೇ ಎರಡನೆಯ ಗೇರು. ಅವನು ಮೂರರಲ್ಲಿ ಇಳಿಸುತ್ತಿದ್ದ. ಡೀಸೆಲ್ ಉಳಿಸಲು ಆಗೊಮ್ಮೆ ಈಗೊಮ್ಮೆ ನ್ಯೂಟ್ರಲ್ ಕೂಡ ಮಾಡುತ್ತಿದ್ದನೆಂದು ಮಗ ಚಾಡಿ ಹೇಳಿದ! ನನಗೆ ಸಿಟ್ಟೇ ಬಂತು. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಉರಿಯುತ್ತಲೇ ಇರುತ್ತದೆ. ಜೀವವನ್ನೂ ಪಣಕ್ಕಿಟ್ಟು, ದುಡ್ಡನ್ನೂ ಸುಟ್ಟಂತೆ.

ಎರಡನೆಯ ಗೇರಿಗೆ ಇಳಿಸಿದ. ಎಂಜಿನ್ ಕೂಗಿಕೊಂಡಿತು, ಮಗ ಕಿವಿ ಮುಚ್ಚಿಕೊಂಡ, ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಬ್ರೇಕಿನ ಮೇಲೆ ಕಾಲಿಟ್ಟದ್ದು ತಿರುವುಗಳಲ್ಲಷ್ಟೇ. ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಕಾಣಿಕೆ ಹಾಕಲು ನಿಲ್ಲಿಸಿದಾಗ ಮಗ ಇಳಿದು, ಮುಟ್ಟದೆ, ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದ. ಸುಟ್ಟ ವಾಸನೆ ಇರಲಿಲ್ಲ.

ಚಾರ್ಮಾಡಿ ಊರಿಗೆ ಬರುವಷ್ಟರಲ್ಲಿ ಮಂಜು ಹರಿದು ಸೆಕೆ ಶುರುವಾಗಿತ್ತು. ಮನೆಯಾಕೆಯ ಫೋನ್ ಬಂತು. "ಮುಟ್ಟಿದ್ವಿ. ಬ್ರೇಕ್ ಆಯಿಲ್ ಬದಲಾಯಿಸೋಕೆ ಗ್ಯಾರೇಜಿಗೆ ಹೋಗ್ತೀನಿ, ಲೇಟಾಗತ್ತೆ" ಎಂದ. ಮಗ ಇನ್ನೂ ಲೆಕ್ಕದಲ್ಲೇ ಇದ್ದ.

"ಸಾರ್, ಇಳಿಯುವಾಗ ಹೋದ ಶಕ್ತಿ ಹತ್ತುವಾಗ ವಾಪಸ್ ಬರಲ್ವಾ?"

"ಇಲ್ಲ ಮಾರಾಯ. ಅದಕ್ಕೆ ನಿಮ್ಮಪ್ಪ ಬಂಕಿನಲ್ಲಿ ದುಡ್ಡು ಕೊಡಬೇಕು" ಎಂದು ಇಳಿದೆ.