ಗಣಪತ್ಯಾನರ ಊರು

ಡೇವಿಡ್ ನಲ್ಬಾಂಡಿಯನ್ ಎಂಬ ಅರ್ಜೆಂಟೀನಾದ ಟೆನಿಸ್ ಆಟಗಾರ 2002ರಲ್ಲಿ ವಿಂಬಲ್ಡನ್ ಫೈನಲ್ ತನಕ ಬಂದು ಸೋತದ್ದು ಈಗ ಹೆಚ್ಚಿನವರಿಗೆ ನೆನಪಿರಲಿಕ್ಕಿಲ್ಲ. ಅವನ ಆಟ ನನಗೂ ನೆನಪಿಲ್ಲ. ಹದಿನೈದಾದ ಮೇಲೆ ಮೂವತ್ತು, ಮೂವತ್ತಾದ ಮೇಲೆ ನಲವತ್ತು ಯಾವ ಗಣಿತ ಎಂಬ ಜಿಜ್ಞಾಸೆಯಲ್ಲೇ ನನ್ನ ಟೆನಿಸ್ ಮುಗಿದುಹೋಗುತ್ತದೆ. ಆದರೆ ಅವನ ಹೆಸರು ತಲೆಯೊಳಗೆ ಬಂದು ಕೂತದ್ದು ಏಳಲೇ ಇಲ್ಲ. ಅವನ ಮೂಲ ಆರ್ಮೇನಿಯಾದ್ದಂತೆ. ನಾಲಬಂದ್ ಎಂದರೆ ಪಾರಸಿಯಲ್ಲಿ ಕುದುರೆಗೆ ಲಾಳ ಹೊಡೆಯುವವನು. ಕಡೆಯ ‘ಯಾನ್’ ಎಂಬುದು ಆರ್ಮೇನಿಯನ್ನರ ಅಡ್ಡಹೆಸರಿನ ಬಾಲ, ‘ಇಂಥವರ ಮನೆಯವ’ ಎಂದು ತಿಳಿದುಕೊಂಡರೆ ಸಾಕು. ನಮ್ಮ ಘಟ್ಟದ ಮೇಲೂ ನಾಲಬಂದ ಎಂಬ ಅಡ್ಡಹೆಸರಿನ ಮನೆತನಗಳಿವೆ, ಅವರದೂ ಅದೇ ಲಾಳದ ಕಸುಬು. ಹಾಗಾಗಿ ಲಂಡನ್ನಿನ ಹುಲ್ಲಿನ ಮೇಲೆ ಬಿಳಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು ನನ್ನ ಲೆಕ್ಕದಲ್ಲಿ ಲಾಳದವರ ಮನೆಯ ದಾವೀದ. ಅವನು ಜೀವಮಾನದಲ್ಲಿ ಒಂದು ಕುದುರೆಯ ಕಾಲನ್ನಾದರೂ ಹಿಡಿದಿದ್ದನೋ ಇಲ್ಲವೋ, ದೇವರೇ ಬಲ್ಲ.

ಅವನನ್ನು ನಗುವ ಅಧಿಕಾರ ನನಗಿಲ್ಲ. ನಾನು ಭಟ್ಟ. ಭಟ್ಟನೆಂದರೆ ವೇದಶಾಸ್ತ್ರಪಾರಂಗತ, ವಿದ್ವಜ್ಜನಮಾನ್ಯ. ಪುರುಷಸೂಕ್ತ ಶುರುವಾಗುತ್ತಿದ್ದಂತೆ ಜೋರಾಗಿ ದನಿಗೂಡಿಸಿ, ಸ್ವಲ್ಪ ಮುಂದೆ ಹೋದ ಮೇಲೆ ತುಟಿಯನ್ನಷ್ಟೇ ಅಲ್ಲಾಡಿಸುತ್ತ, ಊಟಕ್ಕೆ ಎಲೆ ಹಾಕಿದರೋ ಎಂದು ಓರೆಗಣ್ಣಲ್ಲಿ ನೋಡುವ ನನಗೂ ಅದೇ ಬಿರುದು. ಹೆಗಡೆಯೆಂದರೆ ಹಳಗನ್ನಡದ ಪೆರ್ಗಡೆ, ಶಾಸನಗಳಲ್ಲಿ ಬರುವ ದೊಡ್ಡ ಅಧಿಕಾರಿ. ನನ್ನ ಪರಿಚಯದ ಹೆಗಡೆಯವರೊಬ್ಬರ ಮಾತನ್ನು ಅವರ ಕೊಟ್ಟಿಗೆಯ ಎಮ್ಮೆ ಕೂಡ ಕೇಳುವುದಿಲ್ಲ. ಶಾನಭಾಗನೆಂದರೆ ಊರ ಲೆಕ್ಕ ಬರೆಯುವವನು. ನಾನು ಕಂಡ ಶಾನಭಾಗರ ಅಂಗಡಿಯ ಲೆಕ್ಕ ಅವರ ಹೆಂಡತಿಯ ಕೈಯಲ್ಲಿತ್ತು, ಆದ್ದರಿಂದಲೇ ಅಂಗಡಿ ಉಳಿಯಿತು. ಯಾವನೋ ಪೂರ್ವಜ ಮಾಡಿದ ಕೆಲಸಕ್ಕೆ ನಾವೆಲ್ಲ ಇವತ್ತಿಗೂ ಪಗಾರಿಲ್ಲದ ಹುದ್ದೆದಾರರು.

ಆರ್ಮೇನಿಯಾದಲ್ಲಿ ಬಹಳ ಸಾಮಾನ್ಯವಾದ ಅಡ್ಡಹೆಸರುಗಳಲ್ಲಿ ಗ್ರಿಗೋರ್ಯಾನ್ ಒಂದು, ಎಂದರೆ ಗ್ರಿಗೋರನ ಕಡೆಯವರು. ಆ ದೇಶಕ್ಕೆ ಕ್ರೈಸ್ತಮತ ತಂದವನು ಗ್ರಿಗೋರ್ ಎಂಬ ಸಂತ. ಪರಂಪರೆಯ ಲೆಕ್ಕದಲ್ಲಿ ಅದು ಕ್ರಿ.ಶ. 301. ಅಂಥ ಪುಣ್ಯಾತ್ಮನ ಹೆಸರನ್ನು ಮಕ್ಕಳಿಗೆ ಇಡದೆ ಯಾರು ಬಿಡುತ್ತಾರೆ? ಅಪ್ಪ ಅಜ್ಜಂದಿರೆಲ್ಲ ಗ್ರಿಗೋರರಾದ ಮೇಲೆ ಮೊಮ್ಮಕ್ಕಳೆಲ್ಲ ಗ್ರಿಗೋರ್ಯಾನರಾಗದೆ ವಿಧಿಯಿಲ್ಲ. ಈ ನ್ಯಾಯವನ್ನು ನಮ್ಮ ಅಘನಾಶಿನಿಗೆ ಹಚ್ಚಿ ನೋಡಿದೆ. ದಕ್ಷಿಣಕ್ಕೆ ಇಡಗುಂಜಿಯ ಗಣಪತಿ, ಉತ್ತರಕ್ಕೆ ಹೊಳೆ ದಾಟಿದರೆ ಗೋಕರ್ಣದ ಮಹಾಗಣಪತಿ, ಅವನ ಪಕ್ಕದಲ್ಲೇ ಸಾಕ್ಷಾತ್ ಮಹಾಬಲೇಶ್ವರ. ನಮ್ಮೂರಲ್ಲಿ ಅರ್ಧ ಜನ ಗಣಪತ್ಯಾನರು, ಉಳಿದ ಅರ್ಧ ಮಹಾಬಲೇಶ್ವರ್ಯಾನರು ಆಗಿರುತ್ತಿದ್ದರು. ಅಲ್ಲೊಬ್ಬ ಇಲ್ಲೊಬ್ಬ ಸುಬ್ರಾಯ್ಯಾನ್ ಇದ್ದರೂ ಅವರು ಅಲ್ಪಸಂಖ್ಯಾತರು.

ನನ್ನ ಅಪ್ಪಯ್ಯನೂ ಗಣಪತಿಯೇ. ನಾನು ಸಣ್ಣವನಿದ್ದಾಗ ‘ಗಣಪತಿ ಭಟ್ಟ, ಅಘನಾಶಿನಿ’ ಎಂದಷ್ಟೇ ಬರೆದ ಕಾಗದ ಬಂದರೆ ಪೋಸ್ಟಿನವರು ಅದನ್ನು ದಾರಿಯಲ್ಲಿ ಮೊದಲು ಸಿಕ್ಕಿದ ಗಣಪತಿ ಭಟ್ಟರಿಗೆ ಕೊಟ್ಟುಬಿಡುತ್ತಿದ್ದರು. ಅವರು ಒಡೆದು ಓದಿ, ತಮ್ಮದಲ್ಲ ಎಂದು ಖಾತ್ರಿ ಮಾಡಿಕೊಂಡು, ಮುಂದಿನ ಗಣಪತಿ ಭಟ್ಟರಿಗೆ ದಾಟಿಸುತ್ತಿದ್ದರು. ನಮ್ಮ ಸೋದರತ್ತೆಯ ಮದುವೆ ಮಾತುಕತೆಯ ಕಾಗದ ಹೀಗೆ ಕೇರಿಯೆಲ್ಲ ಸುತ್ತಿ ಮನೆಗೆ ಮುಟ್ಟುವಷ್ಟರಲ್ಲಿ, ಹುಡುಗ ಆಗಬಹುದು ಎಂದು ಊರೇ ತೀರ್ಮಾನ ಮಾಡಿ ಆಗಿತ್ತು. ಆಯಿಗೆ ಸಿಟ್ಟು ಬಂದರೂ ಅಪ್ಪಯ್ಯ ಮಾತ್ರ, ಜಾತಕ ತೋರಿಸುವ ಖರ್ಚು ಉಳಿಯಿತು ಎಂದರು. ಊರೊಳಗೆ ಇವರನ್ನೆಲ್ಲ ಬೇರ್ಪಡಿಸುವುದಕ್ಕೆ ಹೊಳೆಬದಿ ಗಣಪತಿ, ಗಜನಿ ಗಣಪತಿ, ಊರಿಗೆ ಮೊದಲು ರೇಡಿಯೋ ತಂದ ರೇಡಿಯೋ ಗಣಪತಿ ಎಂದೆಲ್ಲ ಇತ್ತು. ತದಡಿ ತಾರಿಯಲ್ಲಿ ದೋಣಿಯ ಅಂಬಿಗರು ನನ್ನನ್ನು ಕೇಳುತ್ತಿದ್ದದ್ದು “ತಮ್ಮಾ, ಯಾರ ಮನೆಯಂವ?” ಎಂದು. ಭಟ್ಟ ಎಂದು ಉತ್ತರ ಕೊಟ್ಟರೆ ದೋಣಿಯವರೆಲ್ಲ ನಗುತ್ತಿದ್ದರು. ಹೊಳೆಬದಿ ಎಂದರೆ, ಹಾಗಾದರೆ ನಿನ್ನ ಅಜ್ಜನ ಕಾಲುನೋವು ಹೇಗಿದೆ ಎಂದು ಮಾತು ಮುಂದೆ ಹೋಗುತ್ತಿತ್ತು.

ಅಡ್ಡಹೆಸರಿಗೆ ಊರೊಳಗೆ ಕೆಲಸವೇ ಇಲ್ಲ, ಊರು ಬಿಟ್ಟ ಮೇಲೆ ಅದು ದುಡಿಯಲು ಶುರುಮಾಡುತ್ತದೆ ಎಂಬ ನನ್ನ ಸಿದ್ಧಾಂತಕ್ಕೆ ಚಿತ್ರಾಪುರ ಸಾರಸ್ವತರೇ ಪ್ರಮಾಣ. ಅವರ ಮಠ ಭಟ್ಕಳ ತಾಲೂಕಿನ ಶಿರಾಲಿಯಲ್ಲಿದೆ. ಅವರಲ್ಲಿ ಎಷ್ಟೋ ಮನೆತನಗಳು ಊರಿನ ಹೆಸರನ್ನೇ ಅಡ್ಡಹೆಸರಾಗಿ ಧರಿಸಿವೆ: ಭಟ್ಕಳ, ಹೊನ್ನಾವರ, ಮುರ್ಡೇಶ್ವರ, ಕಾಯ್ಕಿಣಿ. ಕುಂದಾಪುರದ ಕಡೆಯ ಪಡುಕೋಣೆ ಎಂಬ ಪುಟ್ಟ ಹಳ್ಳಿ ಪ್ರಕಾಶ್ ಪಡುಕೋಣೆಯವರ ರ‍್ಯಾಕೆಟ್ಟಿನ ಮೇಲೆ ಕೂತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂತು, ಆಮೇಲೆ ಮಗಳ ಜತೆ ಸಿನಿಮಾಕ್ಕೂ ಹೋಯಿತು. ಕಾರ್ನಾಡು ಮುಲ್ಕಿಯ ಬುಡದಲ್ಲಿರುವ ಊರು. ಅದನ್ನು ಜಗತ್ತಿಗೆಲ್ಲ ಹೇಳಿದವರು ನಾಟಕ ಬರೆದ ಗಿರೀಶರು. ಕಾಯ್ಕಿಣಿಯಲ್ಲೇ ಕೂತವನನ್ನು ಕಾಯ್ಕಿಣಿ ಎಂದು ಕರೆದರೆ ಯಾರು ತಿರುಗಿ ನೋಡಬೇಕು? ಗೋಕರ್ಣಕ್ಕೆ ಬಂದು ಕೂತರೆ ಮಾತ್ರ ಆ ಹೆಸರಿಗೆ ಜೀವ.

ಭಟ್ಕಳದ ನವಾಯತರದು ಇನ್ನೂ ದೊಡ್ಡ ಸಂಚಾರ. ಅವರಲ್ಲಿ ಶಾಬಂದ್ರಿ ಎಂಬ ಅಡ್ಡಹೆಸರಿದೆ. ಶಾಹ್‌ಬಂದರ್ ಎಂದರೆ ಬಂದರಿನ ದೊರೆ, ಬಂದುಹೋಗುವ ಹಡಗುಗಳ ಸುಂಕ ನೋಡುವ ಅಧಿಕಾರಿ. ನಾವು ಮೀನು ತರಲು ಹೋಗುವ ಬಂದರೂ ಅದೇ ಪಾರಸಿ ಬಂದರು. (ಭಟ್ಟ ಮೀನು ತರಲು ಏಕೆ ಹೋದ ಎಂದು ಕೇಳಬೇಡಿ, ಗಾಳಿ ತಿನ್ನಲು ಹೋಗಿದ್ದೆ.) ಇಕ್ಕೇರಿ ಎಂಬ ಅಡ್ಡಹೆಸರೂ ಅವರಲ್ಲುಂಟು, ಕೆಳದಿ ನಾಯಕರ ರಾಜಧಾನಿ ಘಟ್ಟ ಇಳಿದು ಬಂದು ಭಟ್ಕಳದ ಓಣಿಯಲ್ಲಿ ಮನೆ ಮಾಡಿಕೊಂಡಂತಾಯಿತು. ವಿಜಯನಗರದ ಕಾಲದಲ್ಲಿ ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳ ಮುಖ್ಯವಾದದ್ದು. ಅಷ್ಟು ಕುದುರೆ ಇಳಿದ ಮೇಲೆ ಲಾಳ ಹೊಡೆಯುವವರೂ ಅಲ್ಲಿ ಓಡಾಡಿಯೇ ಇರಬೇಕು ಎಂದು ನನ್ನ ಊಹೆ; ದಾವೀದನನ್ನು ನಾನು ಭಟ್ಕಳದ ತನಕ ಎಳೆದು ತಂದದ್ದು ಇದೇ ಕಾರಣಕ್ಕೆ.

ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಬಂದ ಪ್ರವಾಸಿಯ ಹೆಸರೇ ಇಬ್ನ್ ಬತೂತ, ಬತೂತನ ಮಗ. ಈ ಪಟ್ಟಣದಲ್ಲಿ ಹುಡುಗಿಯರಿಗೇ ಹದಿಮೂರು ಶಾಲೆಗಳಿವೆ ಎಂದು ಬೆರಗಾಗಿ ಬರೆದಿಟ್ಟ. ಅದೇ ಹೊನ್ನಾವರದ ಇವತ್ತಿನ ಫರ್ನಾಂಡಿಸರು ಪೋರ್ಚುಗೀಸ್ ವ್ಯಾಕರಣದಂತೆ ಫರ್ನಾಂಡೋನ ಮಕ್ಕಳು. ಅಪ್ಪನ ಹೆಸರನ್ನು ಕೆಲವರು ಮುಂದೆ ಕಟ್ಟಿಕೊಂಡರು, ಕೆಲವರು ಹಿಂದೆ, ಹೊರೆ ಒಂದೇ.

ನಮ್ಮ ಜಿಲ್ಲೆಯವರು ಅಪ್ಪನ ಹೆಸರು, ಅಡ್ಡಹೆಸರು ಎರಡನ್ನೂ ಹೊರುತ್ತೇವೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿ ಶೈಲಿಯೆಂದರೆ ಮೊದಲು ತನ್ನ ಹೆಸರು, ನಡುವೆ ಅಪ್ಪನದು, ಕೊನೆಗೆ ಅಡ್ಡಹೆಸರು. ಶಾಲೆಯ ಹಾಜರಿಯಲ್ಲಿ ನಮ್ಮ ಒಬ್ಬೊಬ್ಬರ ಹೆಸರೂ ಒಂದೊಂದು ಸಾಲು. ಮೈಸೂರು ಕಡೆಯ ನನ್ನ ಸ್ನೇಹಿತನೊಬ್ಬ ಎರಡು ಇನಿಷಿಯಲ್‌ಗಳಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾಲಿ ಮನೆ ಕಂಡು ಬೆವತು, ಸ್ವರ್ಗಸ್ಥರಾದ ತಂದೆಯನ್ನೇ ಅಲ್ಲಿ ಕೂರಿಸಿದ. ಈಗ ಅಮೆರಿಕದವರು ಫೋನು ಮಾಡಿ ಅವನ ತಂದೆಯನ್ನೇ ವಿಚಾರಿಸುತ್ತಾರೆ.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗನಿಗೆ ಈಚೆಗೆ ಭಟ್ಟ ಸಾಕಾಗಿದೆ. ಪಡುಕೋಣೆ, ಕಾರ್ನಾಡರಂತೆ ತಾನೂ ಅಘನಾಶಿನಿ ಎಂದು ಇಟ್ಟುಕೊಳ್ಳುತ್ತೇನೆ ಎಂದು ಚೌತಿಗೆ ಬಂದಾಗ ಜಗಲಿಯಲ್ಲಿ ಘೋಷಿಸಿದ. ನಾನು ನನ್ನ ಪಾಂಡಿತ್ಯವನ್ನೆಲ್ಲ ಒಟ್ಟುಮಾಡಿ, ಅದು ಸ್ತ್ರೀಲಿಂಗ, ಪಾಪವನ್ನು ನಾಶಮಾಡುವವಳು ಎಂದರ್ಥ, ಗಂಡಸಾದ ನೀನು ಅಘನಾಶಿ ಎಂದಾದರೂ ಆಗಬೇಕು ಎಂದು ಆಕ್ಷೇಪ ಎತ್ತಿದೆ. ಹುಡುಗ ಫೋನಿನಿಂದ ತಲೆ ಎತ್ತಲಿಲ್ಲ. ಒಳಗಿಂದ ಕವಳದ ತಟ್ಟೆ ಹಿಡಿದುಕೊಂಡು ಬಂದ ಆಯಿ ಮಾತ್ರ, “ಇಟ್ಕ ಮಾರಾಯ, ಅಡ್ಡಿಲ್ಲೆ. ಆದರೆ ಬೆಂಗಳೂರಲ್ಲಿ ಇಪ್ಪಷ್ಟು ದಿನ ಮಾತ್ರ” ಎಂದು ಅಡಕೆ ಹೋಳು ಆರಿಸತೊಡಗಿದರು.